ಗಂಟಲಿಗೆ ತೂತು: ರಕ್ತಕ್ಯಾನ್ಸರ್ ರೋಗಿಯ ಮನೆಯವರು ಸಹಿ ಹಾಕುವ ಹೊತ್ತು

ಕವಳದ (ಎಲೆ ಅಡಿಕೆಯ) ಸಂಚಿ ಇನ್ನೂ ಜಗುಲಿಯಿಂದ ಪೂರ್ತಿ ಮರೆಯಾಗದ ನಮ್ಮ ಉತ್ತರ ಕನ್ನಡದಲ್ಲಿ ‘ಗಂಟಲಿಗೆ ತೂತು ಮಾಡಿದ್ದಾರೆ’ ಎಂದರೆ ಕೇಳಿದವರ ಮನಸ್ಸು ನೇರವಾಗಿ ಬಾಯಿಯ ಅಥವಾ ಗಂಟಲಿನ ಕ್ಯಾನ್ಸರ್ ಕಡೆಗೆ ಹೋಗುತ್ತದೆ. ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಕೊಂಡು, ಮಾತಿಲ್ಲದೆ, ಕೈಸನ್ನೆಯಲ್ಲೇ ವ್ಯವಹಾರ ಮುಗಿಸುತ್ತಿದ್ದ ಒಬ್ಬರನ್ನಾದರೂ ಪೇಟೆಯಲ್ಲಿ ನೋಡಿದ ನೆನಪು ಬಹಳ ಜನಕ್ಕಿದೆ. ಅದಕ್ಕಾಗಿಯೇ ರಕ್ತದ ಕ್ಯಾನ್ಸರ್ ಆದ ರೋಗಿಯನ್ನು ಮಣಿಪಾಲಕ್ಕೋ ಹುಬ್ಬಳ್ಳಿಗೋ ಬೆಂಗಳೂರಿಗೋ ಸೇರಿಸಿ ಐಸಿಯು ಬಾಗಿಲಲ್ಲಿ ಕುಳಿತ ನಮ್ಮ ಕಡೆಯ ಮನೆಯವರಿಗೆ ವೈದ್ಯರು ಬಂದು ‘ಟ್ರೇಕಿಯಾಸ್ಟಮಿ ಮಾಡಬೇಕಾಗಬಹುದು’, ಅಂದರೆ ಕುತ್ತಿಗೆಯಲ್ಲಿ ಶ್ವಾಸನಾಳಕ್ಕೆ ತೂತು ಮಾಡಿ ಉಸಿರಾಟದ ಕೊಳವೆ ಕೂರಿಸಬೇಕಾಗಬಹುದು, ಎಂದಾಗ ಎರಡು ಬಗೆಯ ಗಾಬರಿ ಒಟ್ಟಿಗೇ ಆಗುತ್ತದೆ. ಕ್ಯಾನ್ಸರ್ ಗಂಟಲಿಗೂ ಬಂತೇ ಎಂಬುದು ಒಂದು. ಇನ್ನು ಜೀವಮಾನವಿಡೀ ಹೀಗೆಯೇ ಏನೋ ಎಂಬುದು ಇನ್ನೊಂದು. ಎರಡೂ ತಪ್ಪು ತಿಳಿವಳಿಕೆ. ಧ್ವನಿಪೆಟ್ಟಿಗೆಯನ್ನೇ ತೆಗೆದವರ ಕುತ್ತಿಗೆಯ ದ್ವಾರ ಶಾಶ್ವತ. ವೆಂಟಿಲೇಟರ್ ಮೇಲಿರುವ ರೋಗಿಗೆ ಮಾಡುವುದು, ಬೇಡವಾದಾಗ ತೆಗೆಯಬಹುದಾದ ಒಂದು ಅಡ್ಡದಾರಿ, ಅಷ್ಟೇ.

ಅಂಥ ಒಂದು ಬಾಗಿಲಲ್ಲಿ ಶಿರಸಿ ಕಡೆಯ ಹುಡುಗನೊಬ್ಬ ವೈದ್ಯರ ಅರ್ಧ ಗಂಟೆಯ ವಿವರಣೆಯನ್ನೆಲ್ಲ ತಲೆತಗ್ಗಿಸಿ ಕೇಳಿ, ಕೊನೆಗೆ ಕೇಳಿದ್ದು ಒಂದೇ ಮಾತು: ‘ಸರ್, ತೂತು ಮಾಡಿದ್ಮೇಲೆ ಆಯಿ ಮಾತಾಡ್ತಾಳಾ?’ ಆ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಅವನು ಕೇಳದೆ ಬಿಟ್ಟ, ಕೇಳಬೇಕೆಂದು ಯಾರೂ ಹೇಳಿಕೊಡದ ಬೇರೆ ಪ್ರಶ್ನೆಗಳಿದ್ದವು. ಈ ಲೇಖನ ಮುಖ್ಯವಾಗಿ ಅವುಗಳ ಬಗ್ಗೆ. ನಮ್ಮಲ್ಲಿ ಚರ್ಚೆಯೆಲ್ಲ ‘ಮಾಡಿಸಬೇಕೋ ಬೇಡವೋ’ ಎಂಬಲ್ಲಿಗೆ ನಿಲ್ಲುತ್ತದೆ. ತೂತು ಮಾಡುವುದು ಇಂದು ಅಷ್ಟೇನೂ ಕಷ್ಟದ ಕೆಲಸವಲ್ಲ. ಯಾವ ಉದ್ದೇಶಕ್ಕೆ, ಕಾಯಿಲೆ ಯಾವ ಹಂತದಲ್ಲಿರುವಾಗ, ಆಮೇಲೆ ಆ ರೋಗಿಯನ್ನು ಎಲ್ಲಿಟ್ಟು ಯಾರು ನೋಡಿಕೊಳ್ಳುತ್ತಾರೆ ಎಂಬುದೇ ಕಷ್ಟ. ನಮ್ಮ ಜಿಲ್ಲೆಯವರಿಗಂತೂ ಕೊನೆಯದು ಎಲ್ಲಕ್ಕಿಂತ ಕಷ್ಟ.

ಕಾಯಿಲೆ ಶುರುವಾಗುವ ಬಗೆಯನ್ನು ಮೊದಲು ನೋಡೋಣ. ಬಿಡದ ಜ್ವರ, ವಸಡಿನಲ್ಲಿ ರಕ್ತ, ಕಾಲಿನ ಮೇಲೆ ಕೆಂಪು ಚುಕ್ಕೆ. ಸಿದ್ದಾಪುರದ ಕಡೆ ಬೇಸಿಗೆ ಹತ್ತಿರವಾದಾಗ ಇಷ್ಟು ಕಂಡರೆ ಮನೆಯವರೂ ವೈದ್ಯರೂ ಮೊದಲು ನೆನೆಯುವುದು ಮಂಗನ ಕಾಯಿಲೆಯನ್ನು, ಮಳೆಗಾಲದಲ್ಲಿ ಡೆಂಗಿಯನ್ನು. 1957ರಲ್ಲಿ ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಆ ಕಾಯಿಲೆಯಲ್ಲೂ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಇಳಿಯುತ್ತದೆ, ರಕ್ತಸ್ರಾವವಾಗುತ್ತದೆ. ಹಾಗಾಗಿ ಅನುಮಾನ ಸಹಜವೇ. ರಕ್ತದ ಲೇಪವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೆ ಬಲಿಯದ ಬಿಳಿಕಣಗಳು ಕಂಡಾಗ ದಾರಿ ಬದಲಾಗುತ್ತದೆ. ತೀವ್ರ ರಕ್ತಕ್ಯಾನ್ಸರ್‌ಗೆ ಕೊಡುವ ಮೊದಲ ಸುತ್ತಿನ ಕೀಮೋ ಕೆಟ್ಟ ಕಣಗಳ ಜೊತೆಗೆ ಒಳ್ಳೆಯ ಕಣಗಳನ್ನೂ ಬಳಿದುಹಾಕುತ್ತದೆ. ಕೀಮೋ ಶುರುವಾದ ಮೂರು ನಾಲ್ಕು ವಾರಗಳ ಹೊತ್ತಿಗೆ ರಕ್ತ ಹುಟ್ಟುವ ಅಸ್ಥಿಮಜ್ಜೆ ಚೇತರಿಸಿಕೊಂಡು ಕಣಗಳ ಕೌಂಟ್ ಏರತೊಡಗುವ ತನಕ ರೋಗಿಗೆ ಸೋಂಕಿನ ಎದುರು ಕಾವಲೇ ಇರುವುದಿಲ್ಲ. ನ್ಯುಮೋನಿಯಾ ಹಿಡಿಯುವುದು, ಶ್ವಾಸಕೋಶಕ್ಕೆ ಬೂಷ್ಟಿನ ಸೋಂಕು ತಗಲುವುದು, ಶ್ವಾಸಕೋಶದೊಳಗೇ ರಕ್ತ ಜಿನುಗುವುದು ಈ ಅವಧಿಯಲ್ಲೇ. ಆಮ್ಲಜನಕ, ಮುಖಕ್ಕೆ ಬಿಗಿಯುವ ಮಾಸ್ಕ್, ಅದೂ ಸಾಲದಾದಾಗ ಬಾಯಿಯ ಮೂಲಕ ಶ್ವಾಸನಾಳಕ್ಕೆ ಕೊಳವೆ ಮತ್ತು ವೆಂಟಿಲೇಟರ್.

ಮೂವತ್ತು ವರ್ಷಗಳ ಹಿಂದೆ ಇಲ್ಲಿಗೇ ಕಥೆ ಮುಗಿಯಿತೆಂದು ಎಷ್ಟೋ ವೈದ್ಯರು ತಿಳಿದಿದ್ದರು; ರಕ್ತಕ್ಯಾನ್ಸರ್ ರೋಗಿಯನ್ನು ವೆಂಟಿಲೇಟರಿಗೆ ಹಾಕುವುದೇ ವ್ಯರ್ಥವೆಂಬ ಮಾತು ಆಗ ಪಠ್ಯದಷ್ಟೇ ಗಟ್ಟಿಯಾಗಿತ್ತು. ಆ ಮಾತು ಇಂದು ನಿಲ್ಲುವುದಿಲ್ಲ. ಫ್ರಾನ್ಸ್ ಮತ್ತು ಬೆಲ್ಜಿಯಂನ 17 ಆಸ್ಪತ್ರೆಗಳ ಐಸಿಯುಗಳಿಗೆ ದಾಖಲಾದ 1,011 ರಕ್ತಕ್ಯಾನ್ಸರ್ ರೋಗಿಗಳನ್ನು ಹಿಂಬಾಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ 60.7 ಜನ ಆಸ್ಪತ್ರೆಯಿಂದ ಜೀವಂತ ಹೊರಬಂದಿದ್ದರು, ಒಂದು ವರ್ಷದ ನಂತರವೂ ಶೇ 43.3 ಜನ ಬದುಕಿದ್ದರು. ಅವರೆಲ್ಲರೂ ವೆಂಟಿಲೇಟರ್ ಮೇಲಿದ್ದವರಲ್ಲ, ಸೌಲಭ್ಯವೂ ನಮ್ಮದಲ್ಲ ಎಂಬುದನ್ನು ನೆನಪಿಟ್ಟುಕೊಂಡೇ ಈ ಅಂಕಿಗಳನ್ನು ಓದಬೇಕು. ಆದರೂ ಒಂದಂತೂ ಸ್ಪಷ್ಟವಾಯಿತು: ಇಂಥವರಲ್ಲಿ ಒಂದು ಪಾಲು ಜನ ಐಸಿಯುವನ್ನು ದಾಟಿ ಬರುತ್ತಾರೆ. ದಾಟುವವರು ಇದ್ದಾರೆಂದ ಮೇಲೆ ಬಹಳ ದಿನ ವೆಂಟಿಲೇಟರ್ ಬೇಕಾಗುವವರೂ ಇರುತ್ತಾರೆ, ಟ್ರೇಕಿಯಾಸ್ಟಮಿಯ ಪ್ರಶ್ನೆ ಹುಟ್ಟುವುದು ಅವರಿಗಾಗಿ.

ಬಾಯಿಯ ಮೂಲಕ ಹಾದ ಕೊಳವೆಯನ್ನು ರೋಗಿ ಎಚ್ಚರದಲ್ಲಿ ಸಹಿಸುವುದು ಕಷ್ಟ. ಆದ್ದರಿಂದ ಮಂಪರಿನ ಔಷಧ ಸತತವಾಗಿ ಹರಿಯುತ್ತಿರಬೇಕು. ಕೀಮೋ ಆದವರ ಬಾಯಿಯಂತೂ ಹುಣ್ಣಿನ ಗೂಡಾಗಿರುತ್ತದೆ, ತುಟಿ ಬಿರಿದು ರಕ್ತ ಒಸರುತ್ತಿರುತ್ತದೆ, ಅದರ ಮೇಲೆ ಪ್ಲಾಸ್ಟಿಕ್ ಕೊಳವೆ ಹಗಲಿರುಳೂ ಉಜ್ಜುತ್ತಿರುತ್ತದೆ. ಕೊಳವೆ ಕುತ್ತಿಗೆಗೆ ಸ್ಥಳಾಂತರವಾದರೆ ಬಾಯಿ ಬಿಡುಗಡೆಯಾಗುತ್ತದೆ, ಮಂಪರು ಇಳಿಸಬಹುದು, ಕಫ ತೆಗೆಯುವುದು ಸಲೀಸು, ರೋಗಿಯನ್ನು ಹಾಸಿಗೆಯ ಅಂಚಿನಲ್ಲಿ ಕೂರಿಸಬಹುದು, ವೆಂಟಿಲೇಟರನ್ನು ದಿನಕ್ಕೆ ಒಂದೆರಡು ಗಂಟೆ ಬಿಡಿಸಿ ನೋಡಿ ಮತ್ತೆ ಸೇರಿಸಬಹುದು. ಇಷ್ಟೇ ಇದರ ಲಾಭ. ಇದು ನ್ಯುಮೋನಿಯಾವನ್ನು ವಾಸಿ ಮಾಡುವುದಿಲ್ಲ, ರಕ್ತಕ್ಯಾನ್ಸರನ್ನಂತೂ ಮುಟ್ಟುವುದೇ ಇಲ್ಲ.

ಕ್ರಿಯೆಯನ್ನು ಹತ್ತಿರದಿಂದ ನೋಡಿದವರಿಗೆ ಅದರ ಸರಳತೆಯೇ ಆಶ್ಚರ್ಯ ತರಿಸುತ್ತದೆ. ರೋಗಿಯನ್ನು ಆಪರೇಷನ್ ಥಿಯೇಟರಿಗೆ ಒಯ್ಯುವುದಿಲ್ಲ. ಭುಜದ ಕೆಳಗೆ ಸುತ್ತಿದ ಬಟ್ಟೆಯಿಟ್ಟು ಕುತ್ತಿಗೆಯನ್ನು ಹಿಂದಕ್ಕೆ ಬಾಗಿಸುತ್ತಾರೆ. ಕಂಠಮಣಿಯ ಕೆಳಗೆ ಬೆರಳಾಡಿಸಿ, ಶ್ವಾಸನಾಳದ ಎರಡನೆಯ ಮತ್ತು ಮೂರನೆಯ ಉಂಗುರಗಳ ನಡುವಿನ ಜಾಗ ಹುಡುಕಿ, ನೀರು ತುಂಬಿದ ಸಿರಿಂಜಿನ ಸೂಜಿ ಚುಚ್ಚುತ್ತಾರೆ. ಸಿರಿಂಜಿನಲ್ಲಿ ಗುಳ್ಳೆ ಎದ್ದರೆ ಸೂಜಿ ಗಾಳಿಯ ದಾರಿಯೊಳಗೆ ಹೋಯಿತೆಂದು ಅರ್ಥ. ಸೂಜಿಯೊಳಗಿಂದ ತೆಳುವಾದ ತಂತಿ ಇಳಿಸಿ, ಆ ತಂತಿಯ ಮೇಲೆ ಮೊನಚಿನಿಂದ ದಪ್ಪಕ್ಕೆ ತಿರುಗುವ ಒಂದು ಸಾಧನವನ್ನು ಒತ್ತಿ ದಾರಿ ಹಿಗ್ಗಿಸಿ, ಅದೇ ದಾರಿಯಲ್ಲಿ ಕೊಳವೆ ಕೂರಿಸುತ್ತಾರೆ. ಬಾಯಿಯ ಕಡೆಯಿಂದ ಇಳಿಸಿದ ಕ್ಯಾಮೆರಾ ಇದನ್ನೆಲ್ಲ ಒಳಗಿನಿಂದ ನೋಡುತ್ತಿರುತ್ತದೆ. ಕೈ ಪಳಗಿದವರಿಗೆ ಕಾಲು ಗಂಟೆಯ ಕೆಲಸ. 1985ರಲ್ಲಿ ಅಮೆರಿಕದ ಸಿಯಾಲಿಯಾ ಎಂಬ ವೈದ್ಯರು ಈ ಹಿಗ್ಗಿಸುವ ಪದ್ಧತಿಯನ್ನು ಪ್ರಕಟಿಸುವವರೆಗೆ ಕುತ್ತಿಗೆಯನ್ನು ಕೊಯ್ದು ತೆರೆಯುವುದೇ ರೂಢಿಯಲ್ಲಿತ್ತು.

ರಕ್ತಕ್ಯಾನ್ಸರ್ ರೋಗಿಗಳಿಗೆ ಕೊಯ್ಯುವುದಕ್ಕಿಂತ ಹಿಗ್ಗಿಸುವುದು ಸಾಮಾನ್ಯವಾಗಿ ವಾಸಿ, ಅದಕ್ಕೊಂದು ಸರಳ ಕಾರಣವಿದೆ. ಹಿಗ್ಗಿಸಿದ ದಾರಿಯಲ್ಲಿ ಕೊಳವೆ ಬಿಗಿಯಾಗಿ ಕೂರುತ್ತದೆ, ಸುತ್ತಲಿನ ಸಣ್ಣ ರಕ್ತನಾಳಗಳನ್ನು ತಾನೇ ಅದುಮಿ ಹಿಡಿಯುತ್ತದೆ. ಆರೋಗ್ಯವಂತರಲ್ಲಿ ಒಂದೂವರೆ ಲಕ್ಷಕ್ಕಿಂತ ಮೇಲಿರುವ ಪ್ಲೇಟ್‌ಲೆಟ್ ಈ ರೋಗಿಗಳಲ್ಲಿ ಹತ್ತು ಇಪ್ಪತ್ತು ಸಾವಿರಕ್ಕೆ ಇಳಿದಿರುವುದು ಸಾಮಾನ್ಯ; ಇಂಥ ಕೆಲಸಕ್ಕೆ ಐವತ್ತು ಸಾವಿರವಾದರೂ ಇರಲಿ ಎಂಬುದು ವೈದ್ಯರ ವಾಡಿಕೆ. ಜರ್ಮನಿಯ ಹ್ಯಾಂಬರ್ಗ್‌ನ ವೈದ್ಯರು ಐವತ್ತು ಸಾವಿರಕ್ಕಿಂತ ಕಡಿಮೆ ಪ್ಲೇಟ್‌ಲೆಟ್ ಇದ್ದ 42 ರೋಗಿಗಳಿಗೆ, ಮೊದಲು ಪ್ಲೇಟ್‌ಲೆಟ್ ಕೊಟ್ಟು ಹೀಗೆ ಟ್ರೇಕಿಯಾಸ್ಟಮಿ ಮಾಡಿದ ಅನುಭವವನ್ನು 2004ರಲ್ಲಿ ಪ್ರಕಟಿಸಿದರು. ಗಂಭೀರವೆನ್ನುವಂಥ ರಕ್ತಸ್ರಾವ ಕಂಡದ್ದು ಇಬ್ಬರಲ್ಲಿ ಮಾತ್ರ. ಒಂದೇ ತಂಡದ, ಪಳಗಿದ ಕೈಗಳ ಲೆಕ್ಕವಿದು. ಆದರೂ ‘ಪ್ಲೇಟ್‌ಲೆಟ್ ಇಲ್ಲ, ಆದ್ದರಿಂದ ಸಾಧ್ಯವೇ ಇಲ್ಲ’ ಎಂಬ ಹಳೆಯ ಉತ್ತರ ಪೂರ್ತಿ ಸರಿಯಲ್ಲವೆಂದು ಇದು ತೋರಿಸಿತು.

ಪ್ಲೇಟ್‌ಲೆಟ್ ವಿಷಯದಲ್ಲಿ ಮನೆಯವರು ತಿಳಿದಿರಬೇಕಾದ ಸಂಗತಿಗಳು ಬೇರೆಯೇ ಇವೆ, ಅವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪ್ಲೇಟ್‌ಲೆಟ್ ಫ್ರಿಜ್‌ನಲ್ಲಿಡುವ ವಸ್ತುವಲ್ಲ. ಕೋಣೆಯ ತಾಪಮಾನದಲ್ಲಿ, ಸುಮಾರು 22 ಡಿಗ್ರಿಯಲ್ಲಿ, ಸದಾ ಅಲುಗಾಡಿಸುವ ಯಂತ್ರದ ಮೇಲಿರಬೇಕು, ಸಾಮಾನ್ಯವಾಗಿ ಐದು ದಿನಕ್ಕೆ ಅದರ ಆಯಸ್ಸು ಮುಗಿಯುತ್ತದೆ. ಒಬ್ಬ ದಾನಿಯ ಬಾಟಲಿ ರಕ್ತದಿಂದ ಬೇರ್ಪಡಿಸಿದ ಒಂದು ಚೀಲ ಕೌಂಟನ್ನು ಐದರಿಂದ ಹತ್ತು ಸಾವಿರ ಏರಿಸೀತು. ಯಂತ್ರಕ್ಕೆ ಕೂರಿಸಿ ಒಬ್ಬನಿಂದಲೇ ತೆಗೆದ ದೊಡ್ಡ ಚೀಲ ಮೂವತ್ತರಿಂದ ಐವತ್ತು ಸಾವಿರ ಏರಿಸಬಹುದು. ಆದರೆ ಜ್ವರ, ಸೋಂಕು ಇರುವ ರೋಗಿಯಲ್ಲಿ ಕೊಟ್ಟದ್ದು ಬೇಗ ಕರಗುತ್ತದೆ. ಮೊದಲೇ ಹತ್ತಾರು ಚೀಲ ಪಡೆದವರಲ್ಲಿ ಶರೀರವೇ ಅದರ ವಿರುದ್ಧ ತಿರುಗಿಬಿದ್ದು, ಕೊಟ್ಟರೂ ಕೌಂಟ್ ಏರದ ಸ್ಥಿತಿ ಬರುತ್ತದೆ. ಆದ್ದರಿಂದ ಹಿಂದಿನ ದಿನ ಕೊಟ್ಟು ಮರುದಿನ ತೂತು ಮಾಡುವುದಕ್ಕೆ ಅರ್ಥವಿಲ್ಲ. ಚೀಲ ಹಾಸಿಗೆಯ ಪಕ್ಕ ತೂಗುತ್ತಿರುವಾಗಲೇ ಕೆಲಸ ನಡೆಯಬೇಕು. ಇನ್ನೊಂದು ಸೂಕ್ಷ್ಮ ಮಾತು ನಮ್ಮ ಜನಕ್ಕೆ ಹೇಳಿದರೆ ಸ್ವಲ್ಪ ನೋವಾಗುತ್ತದೆ: ಮುಂದೆ ಅಸ್ಥಿಮಜ್ಜೆ ಕಸಿಯ ಸಾಧ್ಯತೆ ಇರುವ ರೋಗಿಗೆ ಒಡಹುಟ್ಟಿದವರು, ಮಕ್ಕಳು ರಕ್ತವನ್ನಾಗಲಿ ಪ್ಲೇಟ್‌ಲೆಟ್ಟನ್ನಾಗಲಿ ಕೊಡಬಾರದು. ಕಸಿಗೆ ದಾನಿಯಾಗಬಹುದಾದವರ ವಿರುದ್ಧವೇ ರೋಗಿಯ ಶರೀರ ಮುಂಚಿತವಾಗಿ ಸಿಟ್ಟು ಕಟ್ಟಿಕೊಳ್ಳುವ ಅಪಾಯವಿದೆ. ರಾತ್ರಿ ಬಸ್ಸಿಗೆ ಮಣಿಪಾಲಕ್ಕೆ ಹೊರಡಬೇಕಾದವನು ತಮ್ಮನಲ್ಲ, ತಮ್ಮನ ಗೆಳೆಯ.

ಬಿಳಿಕಣ ಇಲ್ಲದಿರುವುದರ ತೊಂದರೆ ಕಣ್ಣಿಗೆ ಕಡಿಮೆ ಕಾಣುತ್ತದೆ. ಕೀವಾಗಬೇಕಾದರೂ ಬಿಳಿಕಣ ಬೇಕು. ಅವಿಲ್ಲದಾಗ ತೂತಿನ ಸುತ್ತ ಸೋಂಕಿದ್ದರೂ ಕೀವಿರುವುದಿಲ್ಲ, ಬರೀ ಕೆಂಪು, ಬರೀ ನೋವು. ರಕ್ತಕ್ಯಾನ್ಸರಿನದೇ ಇನ್ನೊಂದು ಬಗೆಯಾದ ದುಗ್ಧರಸ ಗ್ರಂಥಿಗಳ ಕ್ಯಾನ್ಸರಿನಲ್ಲಿ (ಲಿಂಫೋಮಾ) ಎದೆಯೊಳಗೆ ದೊಡ್ಡ ಗಡ್ಡೆ ಬೆಳೆದು ಶ್ವಾಸನಾಳವನ್ನು ಕೆಳಗೆ ಒತ್ತುತ್ತಿದ್ದರೆ ಕುತ್ತಿಗೆಯಲ್ಲಿ ಮಾಡಿದ ದಾರಿ ಆ ಅಡಚಣೆಯನ್ನು ದಾಟುವುದೇ ಇಲ್ಲ. ಅಲ್ಲಿ ಗಡ್ಡೆಯನ್ನು ಔಷಧದಿಂದ ಕರಗಿಸುವುದೇ ಮೊದಲ ಕೆಲಸ.

ಈಗ ಯಾವಾಗ ಎಂಬ ಪ್ರಶ್ನೆ. ‘ಬೇಗ ಮಾಡಿದಷ್ಟು ಒಳ್ಳೆಯದು’ ಎಂದು ಒಂದು ಕಾಲಕ್ಕೆ ಬಹಳ ಐಸಿಯುಗಳಲ್ಲಿ ನಂಬಿಕೆಯಿತ್ತು. ಬ್ರಿಟನ್‌ನ ಎಪ್ಪತ್ತಕ್ಕೂ ಹೆಚ್ಚು ಐಸಿಯುಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಟ್ರ್ಯಾಕ್‌ಮ್ಯಾನ್ ಎಂಬ ಪ್ರಯೋಗ ಈ ನಂಬಿಕೆಯನ್ನು ಪರೀಕ್ಷೆಗೊಡ್ಡಿತು. ಒಂದು ಗುಂಪಿಗೆ ನಾಲ್ಕು ದಿನದೊಳಗೆ ಟ್ರೇಕಿಯಾಸ್ಟಮಿ. ಇನ್ನೊಂದು ಗುಂಪಿಗೆ ಹತ್ತು ದಿನ ಕಾದು, ಆಗಲೂ ಬೇಕೆನಿಸಿದರೆ ಮಾತ್ರ. ಮೂವತ್ತು ದಿನದೊಳಗೆ ತೀರಿಕೊಂಡವರು ಮೊದಲ ಗುಂಪಿನಲ್ಲಿ ಶೇ 30.8, ಎರಡನೆಯದರಲ್ಲಿ ಶೇ 31.5, ವ್ಯತ್ಯಾಸವೇ ಇಲ್ಲವೆನ್ನಬೇಕು. ನನ್ನ ದೃಷ್ಟಿಗೆ ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿತ್ತು: ಕಾಯಿಸಿದ ಗುಂಪಿನಲ್ಲಿ ಕೊನೆಗೂ ಟ್ರೇಕಿಯಾಸ್ಟಮಿ ಆದದ್ದು ಸುಮಾರು ಶೇ 45 ಜನರಿಗೆ ಮಾತ್ರ. ಉಳಿದವರಲ್ಲಿ ಕೆಲವರು ಅಷ್ಟರಲ್ಲಿ ಚೇತರಿಸಿಕೊಂಡಿದ್ದರು, ಕೆಲವರು ತೀರಿಕೊಂಡಿದ್ದರು. ಯಾರಿಗೆ ಬಹಳ ದಿನ ವೆಂಟಿಲೇಟರ್ ಬೇಕಾಗುತ್ತದೆಂದು ನಾಲ್ಕನೆಯ ದಿನ ಹೇಳುವ ಶಕ್ತಿ ಅನುಭವಿ ವೈದ್ಯರಿಗೂ ಇಲ್ಲವೆಂದು ಇದರ ಅರ್ಥ.

ಟ್ರ್ಯಾಕ್‌ಮ್ಯಾನ್ ನಡೆದದ್ದು ಸಾಮಾನ್ಯ ಐಸಿಯು ರೋಗಿಗಳ ಮೇಲೆ. ರಕ್ತಕ್ಯಾನ್ಸರ್ ರೋಗಿಯ ವಿಷಯದಲ್ಲಿ ಕಾಯುವುದಕ್ಕೆ ಇನ್ನೂ ಒಂದು ಕಾರಣವಿದೆ. ಅವನ ಹಾಸಿಗೆಯ ತುದಿಯಲ್ಲಿ ತೂಗುವ ಪಟ್ಟಿಯಲ್ಲಿ ಎರಡು ಬಗೆಯ ದಿನಗಳ ಲೆಕ್ಕ ಒಟ್ಟಿಗೇ ಓಡುತ್ತಿರುತ್ತದೆ: ವೆಂಟಿಲೇಟರಿಗೆ ಎಷ್ಟನೇ ದಿನ, ಕೀಮೋಗೆ ಎಷ್ಟನೇ ದಿನ. ವೆಂಟಿಲೇಟರಿನ ಎಂಟನೇ ದಿನವೆಂದರೆ ಕೀಮೋ ಲೆಕ್ಕದಲ್ಲಿ ಹದಿನೆಂಟನೇ ದಿನವಿರಬಹುದು. ಇನ್ನೊಂದು ವಾರ ತಡೆದರೆ ಕೌಂಟ್ ತಾನಾಗಿ ಏರುವ ಸಂಭವವಿದೆ. ಏರಿದರೆ ಪ್ಲೇಟ್‌ಲೆಟ್ ಚೀಲಗಳ ಹುಡುಕಾಟ ತಪ್ಪುತ್ತದೆ, ಮೇಲಾಗಿ ಮಜ್ಜೆ ಚೇತರಿಸಿದೆಯೆಂಬ ಬೆಲೆಬಾಳುವ ಸುದ್ದಿಯೂ ಸಿಗುತ್ತದೆ. ಕೌಂಟ್ ಏರುವ ದಿನಗಳಲ್ಲಿ ಒಂದು ವಿಚಿತ್ರವೂ ಉಂಟು. ಹೊಸ ಬಿಳಿಕಣಗಳು ಶ್ವಾಸಕೋಶದ ಸೋಂಕಿನ ಜಾಗಕ್ಕೆ ನುಗ್ಗಿ ಉರಿಯೂತ ಎಬ್ಬಿಸುವುದರಿಂದ ಕೆಲವರಿಗೆ ಉಸಿರಾಟ ಎರಡು ಮೂರು ದಿನ ಇನ್ನಷ್ಟು ಕೆಡುತ್ತದೆ. ‘ರಿಪೋರ್ಟ್ ಚೆನ್ನಾಗಿದೆ ಅಂತಾರೆ, ಆಮ್ಲಜನಕ ಜಾಸ್ತಿ ಮಾಡಿದ್ದಾರೆ, ಇದೇನು ನಾಟಕ’ ಎಂದು ಮನೆಯವರು ರೇಗುವುದು ಈ ಘಟ್ಟದಲ್ಲೇ.

ಕಾಯುವುದಕ್ಕೂ ಬೆಲೆಯಿದೆ. ಮಂಪರಿನಲ್ಲಿ ಮಲಗಿದ ರೋಗಿಯ ಸ್ನಾಯು ವಾರದೊಳಗೆ ಇಳಿದುಹೋಗುತ್ತದೆ. ಬೇರೆ ಕಾಯಿಲೆಯವರಿಗೆ ಇದು ನಿಧಾನವಾಗಿ ತುಂಬಿಕೊಳ್ಳಬಹುದಾದ ನಷ್ಟ. ರಕ್ತಕ್ಯಾನ್ಸರ್ ರೋಗಿಗೆ ಹಾಗಲ್ಲ, ಏಕೆಂದರೆ ಅವನ ಚಿಕಿತ್ಸೆ ಮುಗಿದಿಲ್ಲ; ಮುಂದಿನ ಸುತ್ತಿನ ಕೀಮೋ ಕೊಡಬೇಕೋ ಬಿಡಬೇಕೋ ಎಂಬುದನ್ನು ಅವನು ಎದ್ದು ಓಡಾಡುವಷ್ಟು ಗಟ್ಟಿಯಿದ್ದಾನೆಯೇ ಎಂಬುದು ಬಹುಮಟ್ಟಿಗೆ ನಿರ್ಧರಿಸುತ್ತದೆ. ಎರಡು ವಾರ ಕಳೆದರೂ ವೆಂಟಿಲೇಟರ್ ಬಿಡುವ ಲಕ್ಷಣವಿಲ್ಲ, ಸೋಂಕು ಹಿಡಿತಕ್ಕೆ ಬರುತ್ತಿದೆ, ಕ್ಯಾನ್ಸರ್ ಹಿಮ್ಮೆಟ್ಟಿದೆ ಅಥವಾ ಹಿಮ್ಮೆಟ್ಟುವ ನ್ಯಾಯವಾದ ನಿರೀಕ್ಷೆಯಿದೆ ಎಂದಾಗ ನಾನು ಟ್ರೇಕಿಯಾಸ್ಟಮಿಯ ಪರವೇ. ಈ ಮೂರರಲ್ಲಿ ಕೊನೆಯದನ್ನು ಐಸಿಯು ವೈದ್ಯರು ಹೇಳಲಾರರು. ರಕ್ತರೋಗ ತಜ್ಞರೇ ಬಂದು ಹೇಳಬೇಕು. ಮನೆಯವರು ಪಟ್ಟುಹಿಡಿದು ಕೇಳಬೇಕಾದ ಮೊದಲ ಪ್ರಶ್ನೆ ಇದು: ಶ್ವಾಸಕೋಶ ಸರಿಹೋದರೆ ಕ್ಯಾನ್ಸರಿಗೆ ಕೊಡಲು ನಿಮ್ಮಲ್ಲಿ ಇನ್ನೂ ಏನಿದೆ?

ಟ್ರೇಕಿಯಾಸ್ಟಮಿ ಆದ ರಕ್ತಕ್ಯಾನ್ಸರ್ ರೋಗಿಗಳಲ್ಲಿ ಇಷ್ಟು ಜನ ಉಳಿದರು, ಆಗದವರಲ್ಲಿ ಇಷ್ಟೇ ಜನ ಉಳಿದರು ಎಂಬ ಹೋಲಿಕೆಗಳು ಅಂತರ್ಜಾಲದಲ್ಲಿ ಸಿಗುತ್ತವೆ. ಅವನ್ನು ಓದುವಾಗ ಎಚ್ಚರ ಬೇಕು. ಎರಡು ವಾರ ಬದುಕಿದವರಿಗೆ ಮಾತ್ರ ಟ್ರೇಕಿಯಾಸ್ಟಮಿ ಆಗುತ್ತದೆ. ಮೂರನೇ ದಿನ ತೀರಿಕೊಂಡವರು ತಾವಾಗಿ ‘ಆಗದವರ’ ಲೆಕ್ಕಕ್ಕೆ ಸೇರುತ್ತಾರೆ. ಜೊತೆಗೆ ವೈದ್ಯರು ತೂತು ಮಾಡಲು ಒಪ್ಪುವುದೂ ಚೇತರಿಸಿಕೊಳ್ಳುವಂತೆ ಕಂಡವರಿಗೇ. ಗೆಲ್ಲುವ ಕುದುರೆಗೇ ಜೀನು ಹಾಕಿ, ಜೀನಿನಿಂದಲೇ ಗೆದ್ದಿತು ಎಂದ ಹಾಗೆ.

ಕ್ಯಾನ್ಸರ್ ಮರುಕಳಿಸಿದೆ, ಕೊಡಲು ಔಷಧ ಉಳಿದಿಲ್ಲ, ಆದರೂ ‘ಏನಾದರೂ ಮಾಡಿ’ ಎಂಬ ಒತ್ತಾಯಕ್ಕೆ ಟ್ರೇಕಿಯಾಸ್ಟಮಿ ಮಾಡಿದರೆ ಏನಾಗುತ್ತದೆ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮಂಪರು ಇಳಿಯುತ್ತದೆ. ರೋಗಿ ಕಣ್ಣುಬಿಟ್ಟು ಎಲ್ಲರ ಮುಖ ನೋಡುತ್ತಾನೆ. ಯಂತ್ರ ಬಿಡಿಸಲು ಬರುವುದಿಲ್ಲ, ಕಾಯಿಲೆಗೆ ಮದ್ದಿಲ್ಲ, ಮನೆಗೆ ಒಯ್ಯಲಾಗುವುದಿಲ್ಲ. ಎಚ್ಚರವಾಗಿರುವ ಮನುಷ್ಯನ ಎದುರು ಇದೆಲ್ಲ ವಾರಗಟ್ಟಲೆ ನಡೆಯುತ್ತದೆ. ಇದನ್ನು ತಪ್ಪಿಸಲು ಬಲ್ಲ ವೈದ್ಯರು ಅವಧಿ ಕಟ್ಟಿದ ಪ್ರಯತ್ನ ಎಂಬ ದಾರಿ ಹಿಡಿಯುತ್ತಾರೆ: ಇಷ್ಟು ದಿನ ಪೂರ್ಣ ಶಕ್ತಿಯ ಚಿಕಿತ್ಸೆ, ಆ ದಿನ ಮತ್ತೆ ಕುಳಿತು ಮಾತು. 2016ರಲ್ಲಿ ಪ್ರಕಟವಾದ ಗಣಿತ ಮಾದರಿಯ ಅಧ್ಯಯನವೊಂದು ಬೇರೆ ಅಂಗಗಳ ಕೆಟ್ಟ ಕ್ಯಾನ್ಸರ್‌ಗಳಲ್ಲಿ ಒಂದರಿಂದ ನಾಲ್ಕು ದಿನದ ಪ್ರಯತ್ನ ಸಾಕಾಗಬಹುದು, ರಕ್ತಕ್ಯಾನ್ಸರಿನಲ್ಲಿ ಅದಕ್ಕಿಂತ ಹೆಚ್ಚು ದಿನ ಕೊಡುವುದು ಪ್ರಯೋಜನಕಾರಿ ಎಂದಿತ್ತು. ಅಂದರೆ ರಕ್ತಕ್ಯಾನ್ಸರಿನಲ್ಲಿ ಬೇಗ ಕೈಬಿಡುವುದೂ ತಪ್ಪೇ.

ಕಾನೂನಿನ ಮಾತು ಇಲ್ಲಿ ಬಂದೇ ಬರುತ್ತದೆ. ಚೇತರಿಕೆಯ ಆಸೆಯಿಲ್ಲದ ರೋಗಿಗೆ ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆಯಬಹುದೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿ, 2023ರಲ್ಲಿ ಅದರ ಕ್ರಮವನ್ನು ಸರಳಗೊಳಿಸಿತು. ಚಿಕಿತ್ಸೆ ಕೊಡುವ ಆಸ್ಪತ್ರೆಯ ಪ್ರಾಥಮಿಕ ವೈದ್ಯ ಮಂಡಳಿ, ಅದರ ಮೇಲೊಂದು ದ್ವಿತೀಯ ಮಂಡಳಿ, ಮನೆಯವರ ಒಪ್ಪಿಗೆ, ಮ್ಯಾಜಿಸ್ಟ್ರೇಟರಿಗೆ ತಿಳಿಸುವುದು. 2025ರ ಜನವರಿಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಇದನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿತು. ತನಗೆ ಏನು ಬೇಕು, ಏನು ಬೇಡವೆಂದು ರೋಗಿ ಮೊದಲೇ ಬರೆದಿಡಬಹುದು. ಕೀಮೋ ಶುರುವಾಗುವ ಮೊದಲಿನ ವಾರ, ಮಾತು ಸ್ಪಷ್ಟವಾಗಿರುವಾಗ, ಇದನ್ನು ಒಮ್ಮೆ ಕೇಳಿಟ್ಟುಕೊಂಡರೆ ಐಸಿಯು ಬಾಗಿಲಲ್ಲಿ ಅಣ್ಣ ತಮ್ಮಂದಿರ ನಡುವೆ ಎಷ್ಟೋ ಜಗಳ ತಪ್ಪುತ್ತದೆ. ಅಂಥ ಮಾತೆತ್ತುವುದೇ ಅಪಶಕುನವೆಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆಯೆಂದು ನನಗೂ ಗೊತ್ತು.

ಆ ಹುಡುಗನ ಪ್ರಶ್ನೆಗೆ ಉತ್ತರ ಹೀಗಿದೆ. ಮೊದಲ ದಿನಗಳಲ್ಲಿ ಮಾತಿಲ್ಲ. ಕೊಳವೆಯ ಸುತ್ತ ಉಬ್ಬಿಸಿದ ಸಣ್ಣ ಬುಗ್ಗೆಯೊಂದು ಗಾಳಿ ಮೇಲಕ್ಕೆ ಹೋಗದಂತೆ ತಡೆಯುವುದರಿಂದ ಉಸಿರು ಧ್ವನಿಪೆಟ್ಟಿಗೆಯನ್ನು ಮುಟ್ಟುವುದೇ ಇಲ್ಲ. ಆದರೆ ಎಚ್ಚರವಿರುತ್ತದೆ, ತುಟಿಯಾಡುತ್ತದೆ, ಪಾಟಿ ಬಳಪ ಕೊಟ್ಟರೆ ಬರೆಯಬಹುದು. ಶ್ವಾಸಕೋಶ ಸುಧಾರಿಸಿದ ಮೇಲೆ ಬುಗ್ಗೆಯ ಗಾಳಿ ಇಳಿಸಿ, ಕೊಳವೆಯ ಬಾಯಿಗೆ ಒಂದೇ ಕಡೆ ತೆರೆಯುವ ಮುಚ್ಚಳ ಹಾಕಿದರೆ ದನಿ ಹೊರಡುತ್ತದೆ. ಮೊದಲಿಗೆ ಗೊಗ್ಗರು, ಆಮೇಲೆ ತನ್ನದೇ ದನಿ. ಅವನ ಆಯಿ ಮೊದಲು ಬರೆದ ಶಬ್ದ ‘ಗಂಜಿ’. ಅದನ್ನು ಮಾತ್ರ ತಕ್ಷಣ ಕೊಡುವ ಹಾಗಿರಲಿಲ್ಲ, ಏಕೆಂದರೆ ವಾರಗಟ್ಟಲೆ ಕೊಳವೆಯಿದ್ದ ಗಂಟಲು ನುಂಗುವುದನ್ನು ಮರೆತಿರುತ್ತದೆ; ತೆಳು ಗಂಜಿ ನೆತ್ತಿಗೇರಿ ಶ್ವಾಸಕೋಶಕ್ಕೆ ಇಳಿದರೆ ಮತ್ತೆ ನ್ಯುಮೋನಿಯಾ.

ಇನ್ನು ಊರಿಗೆ ಬರುವ ಭಾಗ. ವೆಂಟಿಲೇಟರ್ ಬಿಟ್ಟು, ಕೊಳವೆ ಮಾತ್ರ ಉಳಿದು, ಮುಂದಿನ ಕೀಮೋಗೆ ಇನ್ನೂ ಮೂರು ವಾರವಿದೆ ಎಂದಾಗ ಆಸ್ಪತ್ರೆ ಹಾಸಿಗೆ ತೆರವು ಮಾಡಿಸುತ್ತದೆ. ರೋಗಿ ಬರುವುದು ಯಲ್ಲಾಪುರದ ಯಾವುದೋ ಕೇರಿಯ ಮನೆಗೆ. ಬಚ್ಚಲ ಒಲೆಯಲ್ಲಿ ಹಂಡೆಯ ಕೆಳಗೆ ಬೆಂಕಿ ಆರುವುದೇ ಇಲ್ಲ. ಅಡಿಕೆ ಬೇಯಿಸುವ ಕಾಲವಾದರೆ ಅಂಗಳದಲ್ಲೂ ಹೊಗೆ. ಮೂಗಿನ ಮೂಲಕ ಬರುವ ಗಾಳಿ ಸೋಸಿ, ತೇವಗೊಂಡು, ಬೆಚ್ಚಗಾಗಿ ಒಳಹೋಗುತ್ತದೆ. ಕುತ್ತಿಗೆಯ ಕೊಳವೆಗೆ ಆ ಯಾವ ಕಾವಲೂ ಇಲ್ಲ. ಕಫ ಒಣಗಿ ಕೊಳವೆಯೊಳಗೆ ಚಕ್ಕೆಗಟ್ಟುತ್ತದೆ. ಅದನ್ನು ಎಳೆಯಲು ಸಕ್ಷನ್ ಯಂತ್ರ ಬೇಕು, ಯಂತ್ರಕ್ಕೆ ಕರೆಂಟು ಬೇಕು. ಆಷಾಢದ ಗಾಳಿಗೆ ಮರ ಬಿದ್ದು ಮೂರು ದಿನ ಕರೆಂಟಿಲ್ಲದಿರುವುದು ಘಟ್ಟದ ಮೇಲಿನವರಿಗೆ ಸುದ್ದಿಯೇ ಅಲ್ಲ; ಆದ್ದರಿಂದ ಕಾಲಿನಿಂದ ಒತ್ತುವ ಸಕ್ಷನ್ ಒಂದು ಮನೆಯಲ್ಲಿರಲೇಬೇಕು. ಅದೇ ಅಳತೆಯ ಒಂದು ಕೊಳವೆ, ಒಂದು ಅಳತೆ ಸಣ್ಣದು ಇನ್ನೊಂದು, ಕತ್ತರಿ, ಕಟ್ಟುವ ಪಟ್ಟಿ, ಇವೆಲ್ಲ ರೋಗಿಯ ತಲೆಯ ಬಳಿ ಕೈಗೆ ಸಿಗುವ ಹಾಗಿರಬೇಕು. ತೂತು ಮಾಡಿದ ಮೊದಲ ವಾರ ಹತ್ತು ದಿನದೊಳಗೆ ಕೊಳವೆ ಜಾರಿದರೆ ದಾರಿ ಮುಚ್ಚಿಕೊಳ್ಳುತ್ತದೆ, ಹೊರಗಿನವರು ಮತ್ತೆ ತೂರಿಸಲು ಹೋದರೆ ತಪ್ಪು ದಾರಿ ಹಿಡಿಯುತ್ತದೆ. ಹಾಗಾಗಿ ಅಷ್ಟರೊಳಗೆ ಯಾರನ್ನೂ ಮನೆಗೆ ಕಳಿಸಬಾರದು. ಆಮೇಲೆಯೂ ಕೊಳವೆಯಲ್ಲಿ ರಕ್ತ ಕಂಡರೆ, ಸ್ವಲ್ಪವೇ ಆದರೂ, ಇದು ಉಜ್ಜಿದ ಗಾಯವೆಂದು ಮನೆಯಲ್ಲೇ ತೀರ್ಮಾನಿಸುವಂತಿಲ್ಲ. ಕೊಳವೆಯ ತುದಿ ದೊಡ್ಡ ರಕ್ತನಾಳವನ್ನು ಸವೆಸಿರುವ ಅಪರೂಪದ ಅಪಾಯಕ್ಕೆ ಆ ಸಣ್ಣ ರಕ್ತವೇ ಮುನ್ಸೂಚನೆ. ಮೇಲಾಗಿ ಮುಂದಿನ ಕೀಮೋದಲ್ಲಿ ಪ್ಲೇಟ್‌ಲೆಟ್ ಮತ್ತೆ ಇಳಿಯುತ್ತದೆ.

ರಕ್ತ ಕಂಡಿತು ಎಂದುಕೊಳ್ಳಿ. ಹೋಗುವುದೆಲ್ಲಿಗೆ? ಶಿರಸಿಯವರಿಗೆ ಹುಬ್ಬಳ್ಳಿ ಸುಮಾರು 100 ಕಿಲೋಮೀಟರ್, ಕಾರವಾರದವರಿಗೆ ಗೋವಾದ ಬಾಂಬೋಳಿ ಅಷ್ಟೇ ದೂರದೊಳಗೆ, ಮಣಿಪಾಲ ಅದರ ಎರಡು ಪಟ್ಟು. ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿನಲ್ಲಿ ಹೊರರಾಜ್ಯದವರಿಗೆ 2018ರಿಂದ ಶುಲ್ಕವಿದೆ. ದಾರಿಯ ಕಥೆಯನ್ನು ನಮ್ಮವರಿಗೆ ಹೇಳಬೇಕಾಗಿಲ್ಲ, ಎರಡು ಶಿರೂರುಗಳ ಹೆಸರು ಸಾಕು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತು ಹೊರಟ ಆಂಬುಲೆನ್ಸ್ ಬೈಂದೂರಿನ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ಸತ್ತರು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಅದೇ ಹೆದ್ದಾರಿ ದಿನಗಟ್ಟಲೆ ಕಟ್ಟಿತು. ಅದಾಗಿ ಮೂರು ವಾರಕ್ಕೆ ಕಾಳಿ ನದಿಯ ಹಳೆಯ ಸೇತುವೆ ರಾತ್ರೋರಾತ್ರಿ ಮುರಿದುಬಿತ್ತು.

ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು 2019ರಲ್ಲೂ, ಆಂಬುಲೆನ್ಸ್ ದುರಂತದ ನಂತರವೂ ಎದ್ದದ್ದು ನ್ಯಾಯವಾಗಿಯೇ. ಆದರೆ ಆ ಕಟ್ಟಡ ಎದ್ದ ಮರುದಿನ ರಕ್ತಕ್ಯಾನ್ಸರಿನ ಇಡೀ ಚಿಕಿತ್ಸೆ ಇಲ್ಲಿಗೆ ಬಂದುಬಿಡುವುದಿಲ್ಲ. ರಕ್ತರೋಗ ತಜ್ಞರು, ಪ್ಲೇಟ್‌ಲೆಟ್ ಬೇರ್ಪಡಿಸುವ ಯಂತ್ರ, ಸೋಂಕಿಲ್ಲದ ವಾರ್ಡು ಒಟ್ಟಿಗೆ ಕೂಡಿಬರಲು ವರ್ಷಗಳು ಬೇಕು. ಅದರ ನೆಪದಲ್ಲಿ ಈಗಲೇ ಆಗಬಹುದಾದ ಸಣ್ಣ ಕೆಲಸ ನಿಂತುಹೋಗಿರುವುದು ನನ್ನ ತಕರಾರು. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಮೆಡಿಕಲ್ ಕಾಲೇಜು ಎಂದ ಮೇಲೆ ಕಿವಿ ಮೂಗು ಗಂಟಲು ವಿಭಾಗ, ಅರಿವಳಿಕೆ ವಿಭಾಗ ಇದ್ದೇ ಇರುತ್ತವೆ. ಕೊಳವೆ ಬದಲಿಸುವುದು, ಬುಗ್ಗೆಯ ಒತ್ತಡ 20ರಿಂದ 30 ಸೆಂಟಿಮೀಟರ್ ನೀರಿನ ಮಟ್ಟದ ನಡುವೆ ಇದೆಯೇ ಎಂದು ನೋಡುವುದು, ಕಟ್ಟಿದ ಕಫ ತೆಗೆಯುವುದು ಆ ವಿಭಾಗಗಳಿಗೆ ದಿನನಿತ್ಯದ ಕೆಲಸ. ಶಿರಸಿ, ಕುಮಟಾ, ಭಟ್ಕಳದ ಸರ್ಕಾರಿ ಆಸ್ಪತ್ರೆಗಳ ತಲಾ ಇಬ್ಬರು ನರ್ಸ್‌ಗಳಿಗೆ ಅಲ್ಲಿ ಒಂದು ವಾರದ ತರಬೇತಿ ಕೊಟ್ಟರೆ ಸಕ್ಷನ್‌ಗಾಗಿ ಯಾರೂ ಹೆದ್ದಾರಿ ಹಿಡಿಯಬೇಕಾಗಿಲ್ಲ. ಊರಿಗೆ ಕಳಿಸುವ ದೊಡ್ಡ ಆಸ್ಪತ್ರೆಗಳ ಪಾಲಿನ ಕೆಲಸವೂ ಇದೆ. ಮನೆಯಲ್ಲಿ ರೋಗಿಯ ಪಕ್ಕ ಮಲಗುವವರು ಯಾರೋ ಅವರ ಕೈಯಲ್ಲೇ ಮೂರು ನಾಲ್ಕು ಬಾರಿ ಸಕ್ಷನ್ ಮಾಡಿಸಿ, ಒಳಕೊಳವೆ ತೆಗೆದು ತೊಳೆದು ಹಾಕಿಸಿ, ಅವರು ಹೆದರದೆ ಮಾಡಿದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಡಿಸ್ಚಾರ್ಜ್ ಕಾಗದಕ್ಕೆ ಸಹಿ ಹಾಕಬೇಕು. ಈಗ ಆಗುತ್ತಿರುವುದೆಂದರೆ ಬಿಲ್ ಕಟ್ಟಲು ಓಡಾಡುವ ಅಳಿಯನಿಗೆ ಹತ್ತು ನಿಮಿಷದ ಪಾಠ. ಮನೆಯಲ್ಲಿ ರಾತ್ರಿ ಏಳುವವಳು ಮಗಳು.

ಕೊಳವೆ ತೆಗೆಯುವ ದಿನಕ್ಕೂ ಇದೇ ಮಾತು. ಬುಗ್ಗೆ ಇಳಿಸಿ, ಕೊಳವೆಯ ಬಾಯಿ ಮುಚ್ಚಿ ಒಂದು ಹಗಲು ಒಂದು ರಾತ್ರಿ ಮೂಗಿನಲ್ಲೇ ಉಸಿರಾಡಿಸಿ ನೋಡುತ್ತಾರೆ. ಕಫವನ್ನು ತಾವೇ ಕೆಮ್ಮಿ ಹೊರಹಾಕುತ್ತಾರೆಯೇ, ನುಂಗುವಾಗ ಕೆಮ್ಮು ಬರುವುದಿಲ್ಲವೇ, ಪ್ಲೇಟ್‌ಲೆಟ್ ಸುರಕ್ಷಿತ ಮಟ್ಟದಲ್ಲಿದೆಯೇ ಎಂದು ಪರೀಕ್ಷಿಸಿ, ಕೊಳವೆ ಹೊರಗೆಳೆದು, ತೂತಿನ ಮೇಲೆ ಬಟ್ಟೆಯಿಟ್ಟು ಪಟ್ಟಿ ಅಂಟಿಸುತ್ತಾರೆ. ಹೊಲಿಗೆ ಹಾಕುವುದಿಲ್ಲ. ಮಾತಾಡುವಾಗ, ಕೆಮ್ಮುವಾಗ ಅದರ ಮೇಲೆ ಎರಡು ಬೆರಳು ಒತ್ತಿ ಹಿಡಿಯಬೇಕು. ಬಿಳಿಕಣ ಸಾಕಷ್ಟಿದ್ದವರಲ್ಲಿ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಮಣಿಪಾಲಕ್ಕೆ ಹೋಗಿಬರುವ ಬಾಡಿಗೆ ಕಾರಿಲ್ಲದೆ, ಕಾರವಾರದಲ್ಲೇ ಎರಡು ದಿನದ ದಾಖಲಾತಿಯಲ್ಲಿ ಇದು ಮುಗಿಯಬಹುದು.